ಅಡ್ವಾನ್ಸ್‌ಗಿಂತ ಮೊದಲು ಸಹಿ: ಮದುವೆ ಫೋಟೋಗಳ ಕಾಪಿರೈಟ್ ನಾನು ಉಳಿಸಿಕೊಳ್ಳುವ ಬಗೆ

ಬಾಯಿಮಾತಿನಲ್ಲೇ ಒಪ್ಪಿಕೊಂಡು ತೆಗೆದ ಮದುವೆ ಫೋಟೋಗಳ ಕಾಪಿರೈಟ್ ಫೋಟೋಗ್ರಾಫರ್‌ಗಳಾದ ನಮ್ಮದಲ್ಲ, ಫೋಟೋ ತೆಗೆಸಿದ ಪಾರ್ಟಿಯದು. ಹಣ ಕೊಟ್ಟು ತೆಗೆಸಿದ ಫೋಟೋಗೆ ಬೇರೆ ಒಪ್ಪಂದ ಇಲ್ಲದಿದ್ದರೆ ತೆಗೆಸಿದವರೇ ಮೊದಲ ಮಾಲೀಕರು ಎನ್ನುತ್ತದೆ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ನಿನ ಬಿ ಉಪವಿಧಿ. ತೆಗೆದವರು ಕರ್ತೃ ಅಷ್ಟೆ. 57ನೇ ಸೆಕ್ಷನ್ ಪ್ರಕಾರ ‘ಇದು ನಾನು ತೆಗೆದದ್ದು’ ಎಂದು ಹೇಳಿಕೊಳ್ಳುವ ಹಕ್ಕು ಉಳಿಯುತ್ತದೆ, ಆದರೆ ಅದರಿಂದ ಲೈಸೆನ್ಸ್ ಹಣ ಬರುವುದಿಲ್ಲ. ಮೂಲೆಯಲ್ಲಿ ಸ್ಟುಡಿಯೋ ಹೆಸರು ಹಾಕಿದರೂ ಮಾಲೀಕತ್ವ ಬದಲಾಗದು.

ಹಾಗಾಗಿ ಅಡ್ವಾನ್ಸ್ ಮುಟ್ಟುವ ಮೊದಲೇ ಒಪ್ಪಂದಕ್ಕೆ ಸಹಿ ಹಾಕಿಸುತ್ತೇನೆ. ಮದುವೆ ಮುಗಿದ ಮೇಲೆ ಬರೆಸಿಕೊಂಡರಾಯಿತು ಎಂದುಕೊಂಡರೆ ಕೆಟ್ಟಿತು. ಅಷ್ಟರಲ್ಲಿ ಹಕ್ಕು ಅವರ ಕೈ ಸೇರಿರುತ್ತದೆ, ಮರಳಿ ಪಡೆಯಲು 19ನೇ ಸೆಕ್ಷನ್ ಪ್ರಕಾರ ಅವರೇ ಸಹಿ ಮಾಡಿದ ವರ್ಗಾವಣೆ ಪತ್ರ ಬೇಕು. ಬುಕ್ ಮಾಡುವವರು ಸಾಮಾನ್ಯವಾಗಿ ಹುಡುಗಿಯ ತಂದೆ, ಆಮೇಲೆ ತಕರಾರು ತೆಗೆಯುವವರು ಹುಡುಗ ಹುಡುಗಿ. ಮೂವರ ಸಹಿಯನ್ನೂ ಹಾಕಿಸುವುದು ಒಳ್ಳೆಯದು.

ಒಪ್ಪಂದದಲ್ಲಿ ನಾನು ಬಿಡದೆ ಬರೆಯುವುದು ಇಷ್ಟು: ಕಾಪಿರೈಟ್ ಫೋಟೋಗ್ರಾಫರದು, ಪೂರ್ತಿ ಹಣ ಸಂದಾಯವಾದ ದಿನದಿಂದ ಕುಟುಂಬಕ್ಕೆ ಪ್ರಿಂಟ್ ಹಾಕಿಸಲು, ಸ್ವಂತ ಖಾತೆಗಳಲ್ಲಿ ಹಂಚಿಕೊಳ್ಳಲು ಅನುಮತಿ ಇದೆ, ಸೀರೆ ಅಂಗಡಿ, ಮೇಕಪ್‌ನವರು, ಡೆಕೋರೇಷನ್‌ನವರು ಜಾಹೀರಾತಿಗೆ ಬಳಸುವುದಾದರೆ ನನ್ನ ಲಿಖಿತ ಒಪ್ಪಿಗೆ ಬೇಕು, ರಾ ಫೈಲ್ (ಕ್ಯಾಮೆರಾದಿಂದ ಬಂದ, ತಿದ್ದದ ಮೂಲ ಫೈಲ್) ಕೊಡುವುದಿಲ್ಲ. ಕುಟುಂಬದ ಅನುಮತಿಗೆ ಅವಧಿಯನ್ನೂ ಪ್ರದೇಶವನ್ನೂ ನಮೂದಿಸಲೇಬೇಕು. ನಮೂದಿಸದಿದ್ದರೆ ಕಾಯ್ದೆ 5 ವರ್ಷ, ಭಾರತದೊಳಗೆ ಎಂದು ಹಿಡಿಯುತ್ತದೆ. ಮದುವೆ ಆಲ್ಬಮ್‌ಗೆ 5 ವರ್ಷದ ಅನುಮತಿ ಎಂದರೆ ಯಾರಾದರೂ ನಗುತ್ತಾರೆ.

ಫೋಟೋಗಳನ್ನು ನನ್ನ ಪೋರ್ಟ್‌ಫೋಲಿಯೋದಲ್ಲಿ ಹಾಕುವುದಕ್ಕೆ ಬೇರೆಯೇ ಸಾಲು, ಬೇರೆ ಸಹಿ. ಕಾಪಿರೈಟ್ ನನ್ನದಾದರೂ ಮುಖ ಅವರದು. ಬೇಡ ಎಂದವರದನ್ನು ನಾನು ಹಾಕುವುದಿಲ್ಲ.

ಇಷ್ಟಾದ ಮೇಲೆ ಫೈಲ್‌ಗಳ ಕೆಲಸ. ಕ್ಯಾಮೆರಾದ ಮೆನುವಿನಲ್ಲೇ ಕಾಪಿರೈಟ್ ಮಾಹಿತಿ ತುಂಬಿಸಿಟ್ಟರೆ ಪ್ರತಿ ಕ್ಲಿಕ್ಕಿಗೂ ಹೆಸರು ಅಂಟುತ್ತದೆ. ಎರಡನೇ ಕ್ಯಾಮೆರಾ ಬಾಡಿಗೆಯದಾದರೆ ಹಿಂದಿನವರ ಹೆಸರು ಅಲ್ಲೇ ಕೂತಿರಬಹುದು, ಮೊದಲು ಅಳಿಸಿ. ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಇಂಪೋರ್ಟ್ ಮಾಡುವಾಗ ಮೆಟಾಡೇಟಾ (ಫೈಲಿನೊಳಗೆ ಅಡಗಿರುವ ಮಾಹಿತಿ) ಪ್ರಿಸೆಟ್‌ನಿಂದ ಹೆಸರು, ಕಾಪಿರೈಟ್ ಸಾಲು, ಬಳಕೆಯ ಷರತ್ತು, ಸಂಪರ್ಕ ಸೇರಿಸುತ್ತೇನೆ. ಎಕ್ಸ್‌ಪೋರ್ಟ್‌ನಲ್ಲಿ ‘ಕಾಪಿರೈಟ್ ಮಾತ್ರ’ ಎಂದು ಆರಿಸಿದರೆ ಷರತ್ತಿನ ಸಾಲು ಬಿಟ್ಟುಹೋಗಬಹುದು. ಅದಕ್ಕೇ ‘ಎಲ್ಲ ಮೆಟಾಡೇಟಾ’ ಆರಿಸಿ, ಸ್ಥಳದ ಮಾಹಿತಿ ಮಾತ್ರ ತೆಗೆಯುತ್ತೇನೆ, ಅದರಲ್ಲಿ ಮನೆ ವಿಳಾಸ ಸಿಕ್ಕಿಬಿಡುತ್ತದೆ. ಈ ಮಾಹಿತಿಯನ್ನು ಅನುಮತಿಯಿಲ್ಲದೆ, ಗೊತ್ತಿದ್ದೂ ಅಳಿಸುವುದು ಕಾಪಿರೈಟ್ ಕಾಯ್ದೆಯ 65ಬಿ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಶಿಕ್ಷೆಗೆ ದಾರಿ.

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಮಾಹಿತಿಯೂ ಗುಣಮಟ್ಟವೂ ಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಡ್ರೈವ್ ಲಿಂಕ್ ಕೊಡಿ. ಸೆಲೆಕ್ಷನ್‌ಗೆ ಕೊಡುವ ಫೋಟೋಗಳ ಉದ್ದನೆಯ ಬದಿ 1200 ಪಿಕ್ಸೆಲ್, ಗುಣಮಟ್ಟ 60 ಸಾಕು. ವಾಟರ್‌ಮಾರ್ಕ್ (ಫೋಟೋ ಮೇಲೆ ಮಸುಕಾಗಿ ಹಾಕುವ ಹೆಸರು) ಮೂಲೆಯಲ್ಲಿದ್ದರೆ ಒಂದು ಕ್ರಾಪ್‌ಗೆ ಮಾಯ. ಬೋಳು ಗೋಡೆಯ ಮೇಲಿದ್ದರೆ ಈಗಿನ ಫೋನುಗಳೇ ಒರೆಸಿಬಿಡುತ್ತವೆ. ನಾನು ಜರಿ ಅಂಚು, ಒಡವೆಗಳ ಮೇಲೆ ಹಾಯುವಂತೆ 25 ಶೇಕಡಾ ದಟ್ಟಣೆಯಲ್ಲಿ ಹಾಕುತ್ತೇನೆ, ಅಲ್ಲಿ ಒರೆಸಿದರೆ ಕುಸುರಿಯೇ ಕಲಸಿಹೋಗುತ್ತದೆ. ಹಣ ಪೂರ್ತಿ ಕೊಟ್ಟವರ ಅಂತಿಮ ಫೈಲಿನಲ್ಲಿ ವಾಟರ್‌ಮಾರ್ಕ್ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಯಾರೋ ಬಳಸಿಕೊಂಡದ್ದು ಕಂಡರೆ ಜಗಳಕ್ಕೆ ಇಳಿಯುವ ಮೊದಲು ಲಿಂಕ್, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಫೋನ್ ಮಾಡಿದ ಕೂಡಲೇ ಪೋಸ್ಟ್ ಡಿಲೀಟ್ ಆಗುತ್ತದೆ, ಸಾಕ್ಷ್ಯವೂ ಅದರ ಜೊತೆ. ಇನ್‌ಸ್ಟಾಗ್ರಾಂನ ಕಾಪಿರೈಟ್ ಫಾರಂ ಬಹುತೇಕ ಕೆಲಸ ಮುಗಿಸುತ್ತದೆ. ಅದಾಗದಿದ್ದರೆ 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಡಿ ಆ ಜಾಲತಾಣಕ್ಕೆ ಲಿಖಿತ ದೂರು. ಅದರ ಮೇಲೆ 36 ಗಂಟೆಯೊಳಗೆ ಕ್ರಮ ಆಗಬೇಕು, ಆದರೆ 21 ದಿನದೊಳಗೆ ಕೋರ್ಟ್ ಆದೇಶ ತರದಿದ್ದರೆ ಫೋಟೋ ವಾಪಸ್ ಬರಬಹುದು. ಕೋರ್ಟಿಗೆ ಹೋಗುವ ಮನಸ್ಸಿದ್ದರೆ ರಾ ಫೈಲ್‌ಗಳೇ ಬಲವಾದ ಪುರಾವೆ. ಅವುಗಳ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಮೊದಲೇ ತೆಗೆದಿಟ್ಟುಕೊಳ್ಳಿ, ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರದಲ್ಲಿ ಅದನ್ನು ಬರೆಯಬೇಕಾಗುತ್ತದೆ.

ನೋಂದಣಿ ಕಡ್ಡಾಯವಲ್ಲ. ಒಂದು ಕಲಾಕೃತಿಗೆ 500 ರೂಪಾಯಿ ಶುಲ್ಕ, ಮದುವೆಯ ಸಾವಿರ ಫೋಟೋಗಳಿಗೆ ಅದು ಲೆಕ್ಕಕ್ಕೆ ಬರದ ಮಾತು. ಕ್ಯಾಲೆಂಡರ್‌ಗೆ, ಹೋರ್ಡಿಂಗ್‌ಗೆ ಹೋಗಬಹುದಾದ ಒಂದೆರಡನ್ನು ಮಾತ್ರ ಮಾಡಿಸುತ್ತೇನೆ.