ಹವಳ ಗುರುತಿಸಲು ಬಣ್ಣ ನಂಬಬೇಡಿ

ಕುಂಬಳೆಯ ನಮ್ಮ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇದೆ. ನೋಡಲು ಬಂದವರು ಕೇಳುವುದು ಒಂದೇ, "ಇದು ಯಾವ ಹವಳ ಮಾರಾಯ್ರೇ?" ಅಂಗಡಿಯವರು ಹೇಳುವ ಹೆಸರು ಹೆಚ್ಚಾಗಿ ಬಣ್ಣ ನೋಡಿ ಇಟ್ಟದ್ದು. ನೀಲಿ ಎಲ್‌ಇಡಿ ಕೆಳಗೆ ಹೊಳೆಯದ ಹವಳ ಕಡಿಮೆ, ಅಲ್ವಾ? ಹಾಗಾಗಿ ನಾನು ಬಿಳಿ ಲೈಟ್ ಹಾಕಿ, ಪಂಪ್ ನಿಲ್ಲಿಸಿ, ಪಾಲಿಪ್ (ಹವಳದ ಮೈಮೇಲೆ ಹೂವಿನಂತೆ ಕಾಣುವ ಒಂದೊಂದು ಪುಟ್ಟ ಜೀವಿ) ಪೂರ್ತಿ ಅರಳುವ ತನಕ ಕಾಯುತ್ತೇನೆ.

ಕಲ್ಲಿನಂಥ ಗಟ್ಟಿ ಹವಳ ನಾನು ಇಟ್ಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿ, ಹುಲಿಯ ಜೊತೆಗೇ, ಅವೂ ಇವೆ. ನನ್ನಲ್ಲಿರುವುದೆಲ್ಲ ಮೆತ್ತನೆಯವು.

ಮೊದಲ ಕೆಲಸ, ಲೆನ್ಸ್ ಹಿಡಿದು ಒಂದು ಪಾಲಿಪ್‌ನ ತೋಳು ಎಣಿಸುವುದು. ಎಂಟೇ ಇದ್ದು, ಎರಡೂ ಅಂಚಿನಲ್ಲಿ ಗರಿಯಂತೆ ಎಳೆಗಳಿದ್ದರೆ ಆಕ್ಟೋಕೋರಲ್. ಕ್ಸೀನಿಯಾ, ಸ್ಟಾರ್ ಪಾಲಿಪ್, ಲೆದರ್ ಎಲ್ಲ ಇದೇ ಗುಂಪು. ನಯವಾದ ತೋಳುಗಳು ಜಾಸ್ತಿ ಇದ್ದು, ಪಾಲಿಪ್‌ನ ಅಂಚಿನಲ್ಲಿ ಎರಡು ಸಾಲಾಗಿ ನಿಂತಿದ್ದರೆ ಜೊಯಾಂಥಿಡ್. ಅದರಲ್ಲೂ ಪಾಲಿಥೋವಾ ತನ್ನ ಮೈಯೊಳಗೆ ಮರಳು ಸೇರಿಸಿಕೊಳ್ಳುತ್ತದೆ, ಜೊಯಾಂಥಸ್ ಸೇರಿಸುವುದಿಲ್ಲ. ಮರಳಿದೆಯಾ ಅಂತ ಸುಮ್ನೆ ಬೆರಳಿಂದ ಉಜ್ಜಬೇಡಿ. ಇವುಗಳಲ್ಲಿ ಇರಬಹುದಾದ ಪಾಲಿಟಾಕ್ಸಿನ್ ಭಾರೀ ವಿಷ. ಗ್ಲೌಸ್, ಕನ್ನಡಕ ಹಾಕಿಯೇ ಮುಟ್ಟಿ. ಕಲ್ಲಿನ ಮೇಲಿಂದ ತೆಗೆಯಲು ಬಿಸಿನೀರು ಹೊಯ್ಯಲೇಬೇಡಿ, ಹಬೆಯಲ್ಲಿ ವಿಷ ಬಂದು ಆಸ್ಪತ್ರೆ ಸೇರಿದವರಿದ್ದಾರೆ.

ಲೆದರ್ ಹವಳಗಳೇ ತಲೆನೋವು, ಸಾರ್ಕೋಫೈಟನ್, ಲೋಬೋಫೈಟಮ್, ಸಿನುಲೇರಿಯಾ ಅಂತ ಅದರಲ್ಲೇ ಬೇರೆ ಬೇರೆ ಕುಲಗಳಿವೆ. ಸಾರ್ಕೋಫೈಟನ್‌ನ ಟೋಪಿಯಲ್ಲಿ ದೊಡ್ಡ ಪಾಲಿಪ್‌ಗಳ ನಡುವೆ ತೋಳಿಲ್ಲದ ಸಣ್ಣ ಚುಕ್ಕೆಗಳಿರುತ್ತವೆ, ಅವೂ ಪಾಲಿಪ್‌ಗಳೇ. ಲೋಬೋಫೈಟಮ್‌ನಲ್ಲೂ ಇವೆ, ಆದರೆ ಮೇಲ್ಮೈ ಏಣು, ಗುಬುಟುಗಳಾಗಿರುತ್ತದೆ. ಸಿನುಲೇರಿಯಾದಲ್ಲಿ ಆ ಚುಕ್ಕೆ ಇಲ್ಲ.

ಅನುಮಾನ ಉಳಿದರೆ ಬುಡದಿಂದ ಅಕ್ಕಿಕಾಳಷ್ಟು ಕತ್ತರಿಸಿ, ಗಾಜಿನ ಬಟ್ಟಲಿನಲ್ಲಿ ಬ್ಲೀಚ್ ಹಾಕುತ್ತೇನೆ. ನೊರೆ ಏಳುತ್ತದೆ, ಮಾಂಸ ಕರಗುತ್ತದೆ, ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ. ಅದೇ ಸ್ಕ್ಲೀರೈಟ್, ಸುಣ್ಣದ ಸಣ್ಣ ಮುಳ್ಳುಗಳು. ಸಿನುಲೇರಿಯಾದ ಬುಡದವು ಎರಡೂ ತುದಿ ಚೂಪಾಗಿ, ಮೈಯೆಲ್ಲ ಗಂಟುಗಂಟಾಗಿ, ಬರಿಗಣ್ಣಿಗೇ ಕಾಣುವಷ್ಟು ಉದ್ದ. ನೀರಲ್ಲಿ ತೊಳೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕುಲ (ಜೀನಸ್) ಖಚಿತ.

ಕುಲದೊಳಗಿನ ಜಾತಿ (ಸ್ಪೀಶೀಸ್) ಹೇಳಬೇಕಾದರೆ ತಜ್ಞರೇ ಬೇಕು. ಫೋಟೋ ನೋಡಿ ಜಾತಿ ಹೆಸರು ಹೇಳುವವರನ್ನು ನಾನಂತೂ ನಂಬುವುದಿಲ್ಲ. ಗೆಳೆಯರಿಗೆ ತುಂಡು ಕೊಡುವಾಗ ಚೀಟಿಯಲ್ಲಿ ಕುಲದ ಹೆಸರು ಮಾತ್ರ ಬರೆದು ಕೊಡುತ್ತೇನೆ.