ಮುರಿದ ಕುತ್ತಿಗೆ, ಸೈಕಲ್ ಟ್ಯೂಬ್, ಒಂದು ಹಳೇ ಸಿಂಗಲ್ ಕಟ್

ಬೆಂಗಳೂರಿನ ಕುಕ್ ಟೌನ್‌ನ ಒಂದು ಮನೆಯಲ್ಲಿ ಮಂಚದ ಕೆಳಗಿಂದ ಕೇಸ್ ಎಳೆದು ತೆಗೆದರು. ಮುಚ್ಚಳ ತೆರೆದರೆ ಗಿಟಾರ್‌ನ ತಲೆ ಮುಂದಕ್ಕೆ ಬಾಗಿ ನಿಂತಿತ್ತು. ಫೋನಿನಲ್ಲಿ ‘ಸಣ್ಣ ಬಿರುಕು’ ಅಂದಿದ್ದರು. ನೋಡಿದರೆ ಕುತ್ತಿಗೆ ಪೂರ್ತಿ ಸೀಳಿತ್ತು. ಬೇಜಾರಾಯ್ತು. ಆದರೂ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ ಮೇಲೆ ವಾಪಸ್ ಇಡಲು ಮನಸ್ಸು ಬರಲಿಲ್ಲ. ನಾಲ್ಕು ಕೆಜಿಗೂ ಮೇಲಿನ ಭಾರ, ಗುಂಡನೆಯ ಹೆಗಲು, ಕೆಳಗಡೆ ಒಂದೇ ಒಂದು ಕಚ್ಚು, ಅಂದರೆ ಸಿಂಗಲ್ ಕಟ್. ಎಷ್ಟೋ ವರ್ಷದಿಂದ ಬರೀ ಚಿತ್ರದಲ್ಲಿ ನೋಡುತ್ತಿದ್ದದ್ದು ಅದೇ.

ಅಮೆರಿಕದ ಗಿಬ್ಸನ್ ಕಂಪನಿ ಮಾಡುವ ಲೆಸ್ ಪಾಲ್ ಅನ್ನೋ ಎಲೆಕ್ಟ್ರಿಕ್ ಗಿಟಾರ್ ಇದೆಯಲ್ಲ, ಅದರ ಅಸಲಿ ಅಲ್ಲ ಇದು. 80ರ ದಶಕದಲ್ಲಿ ಜಪಾನಿನಲ್ಲಿ ಅದೇ ಮಾದರಿಯಲ್ಲಿ ಮಾಡಿದ್ದು.

ಈ ಹುಚ್ಚು ಎಲ್ಲಿಂದ ಶುರುವಾಯ್ತು ಅನ್ನೋದನ್ನ ಹೇಳಬೇಕು. ಕುತ್ತಿಗೆ ಒಡಲಿಗೆ ಸೇರುವ ಕಡೆ ಮರ ಅಡ್ಡ ಬಂದರೆ ಮೇಲಿನ ಫ್ರೆಟ್‌ಗಳಿಗೆ, ಅಂದರೆ ಒಡಲ ಹತ್ತಿರದ ಲೋಹದ ಪಟ್ಟಿಗಳಿಗೆ, ಕೈ ಸಿಗುವುದಿಲ್ಲ. ಅದಕ್ಕೇ ಕೆಳಗಡೆ ಒಂದು ಕಚ್ಚು ತೆಗೆಯುತ್ತಾರೆ. ಫೆಂಡರ್ ಕಂಪನಿಯವರು 1950ರಲ್ಲಿ, ಗಿಬ್ಸನ್ 1952ರಲ್ಲಿ ಇಂಥ ಗಟ್ಟಿ ಮರದ ಗಿಟಾರ್ ತಂದರು. ಜನ ಈಗ ಕೋಟಿಗಳ ಲೆಕ್ಕದಲ್ಲಿ ಮಾತಾಡುವುದು 1958ರಿಂದ 1960ರವರೆಗೆ ಬಂದ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್ ಬಗ್ಗೆ. ಆಗ ಅದು ಅಷ್ಟಾಗಿ ಮಾರಾಟವಾಗಲಿಲ್ಲ. ಮಾಡಿದ್ದು ಸುಮಾರು 1,500 ಅಷ್ಟೇ. 1961ಕ್ಕೆ ಗಿಬ್ಸನ್‌ನವರು ಆ ಆಕಾರವನ್ನೇ ಬಿಟ್ಟು ಎರಡು ಕೊಂಬಿನ ತೆಳು ಗಿಟಾರ್‌ಗೆ ಹೋದರು. ಆಮೇಲೆ ಇಂಗ್ಲೆಂಡಿನಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಒಂದು ಹಳೇ ಲೆಸ್ ಪಾಲ್ ಅನ್ನು ಮಾರ್ಷಲ್ ಕಂಪನಿಯ ಆಂಪ್‌ಗೆ (ದನಿ ದೊಡ್ಡದು ಮಾಡುವ ಪೆಟ್ಟಿಗೆ) ಸಿಕ್ಕಿಸಿ ಜೋರಾಗಿ ನುಡಿಸಿದರು. 1966ರಲ್ಲಿ ಅದರ ರೆಕಾರ್ಡ್ ಬಂತು. ಕೇಳಿದವರಿಗೆಲ್ಲ ಅದೇ ಬೇಕಾಯ್ತು, ಅಂಗಡಿಯಲ್ಲಿ ಹೊಸದು ಇರಲಿಲ್ಲ. ಹಳೆಯದನ್ನೇ ಹುಡುಕಬೇಕಾಯ್ತು. ಗಿಬ್ಸನ್ 1968ರಲ್ಲಿ ಮತ್ತೆ ಶುರು ಮಾಡಿದರೂ ಹಳೆಯದರ ಹುಡುಕಾಟ ನಿಲ್ಲಲಿಲ್ಲ. 70ರ ದಶಕದಿಂದ ಗ್ರೆಕೊ, ಟೊಕಾಯ್‌ನಂಥ ಜಪಾನಿನ ಕಂಪನಿಯವರು ತುಂಬ ಶ್ರದ್ಧೆಯಿಂದ ಅದರ ಪ್ರತಿ ಮಾಡಿದರು. ನನ್ನಂಥವರ ಕೈಗೆ ಎಟುಕಿದ್ದು ಅವೇ.

ನೋಡಿ, ಮೊದಲು ಕೇಳಿ ಇಷ್ಟಪಟ್ಟರು, ಆಮೇಲೆ ಬೆಲೆ ಏರಿತು. ನನಗೆ ಈ ಕ್ರಮ ಮುಖ್ಯ.

ಮನೆಗೆ ತಂದ ತಕ್ಷಣ ತಂತಿಗಳನ್ನೆಲ್ಲ ಸಡಿಲ ಮಾಡಿದೆ. ಆರು ತಂತಿ ಸೇರಿ 40 ಕೆಜಿಗೂ ಜಾಸ್ತಿ ಎಳೆಯುತ್ತವೆ. ಹಾಗೇ ಬಿಟ್ಟರೆ ಸೀಳು ಇನ್ನೂ ಬೆಳೆಯುತ್ತದೆ. ಈ ಗಿಟಾರ್‌ಗಳು ಇಲ್ಲೇ ಮುರಿಯುವುದಕ್ಕೆ ಕಾರಣ ಇದೆ. ತಲೆ ಸುಮಾರು 17 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ, ಕುತ್ತಿಗೆ ಮತ್ತು ತಲೆ ಒಂದೇ ಮರದಲ್ಲಿ ಕೆತ್ತಿದ್ದು. ಹಾಗಾಗಿ ಆ ಬಾಗಿನಲ್ಲಿ ಮರದ ಎಳೆ ಅಡ್ಡಕ್ಕೆ ತುಂಡಾಗಿರುತ್ತದೆ. ಸಾಲದ್ದಕ್ಕೆ ಟ್ರಸ್ ರಾಡ್‌ನ (ಕುತ್ತಿಗೆಯ ಬಾಗು ಹೊಂದಿಸಲು ಒಳಗೆ ಇಡುವ ಲೋಹದ ಕಡ್ಡಿ) ನಟ್‌ಗೆ ಅಂತ ಅಲ್ಲೇ ಗುಳಿ ತೋಡಿರುತ್ತಾರೆ. ಉಳಿಯುವ ಮರ ಎಷ್ಟು ಕಮ್ಮಿ ಅಂತ ಸೀಳಿನೊಳಗೆ ಟಾರ್ಚ್ ಬಿಟ್ಟು ನೋಡಿದಾಗಲೇ ಗೊತ್ತಾಗಿದ್ದು.

ನಮ್ಮ ಬೀದಿಯ ಕೊನೆಯಲ್ಲಿ ಬಾಗಿಲು, ಕಿಟಕಿ ಮಾಡುವ ಆಚಾರ್ರು ಇದ್ದಾರೆ. ಅವರ ಹತ್ತಿರ ಒಯ್ದೆ. ತಿರುಗಿಸಿ ತಿರುಗಿಸಿ ನೋಡಿದರು.

“ಉದ್ದಕ್ಕೆ ಸೀಳಿದೆ ಸಾರ್, ಒಳ್ಳೇದೇ ಆಯ್ತು. ಅಂಟಿಗೆ ಜಾಗ ಜಾಸ್ತಿ ಸಿಗುತ್ತೆ.”

“ಸ್ಕ್ರೂ ಬೇಕಾಗುತ್ತಾ ಆಚಾರ್ರೇ?”

“ಬೇಡವೇ ಬೇಡ. ಇರೋ ಮರಾನೂ ಸೀಳುತ್ತೆ.”

ಆಮೇಲೆ ಫ್ರೆಟ್ ಹಲಗೆಯ ಮೇಲೆ ಹೆಬ್ಬೆರಳು ಒದ್ದೆ ಮಾಡಿ ಉಜ್ಜಿದರು. ಕಪ್ಪು ನೇರಳೆ ಗೆರೆ ಎದ್ದು ಬಂತು. “ಇದು ಬೀಟೆ ಅಲ್ವಾ ಸಾರ್?” ಅಂದರು. ಮಲೆನಾಡಿನ ಮನೆಗಳಲ್ಲಿ ಮಂಚ, ಕಂಬ ಮಾಡಿದ ಅದೇ ಬೀಟೆ. ಗಿಟಾರ್ ಲೋಕದಲ್ಲಿ ಅದನ್ನೇ ಇಂಡಿಯನ್ ರೋಸ್‌ವುಡ್ ಅನ್ನುತ್ತಾರೆ. ಇದೇ ಮರವನ್ನ ಇಂಡೋನೇಷ್ಯಾದಲ್ಲೂ ಬೆಳೆಸುತ್ತಾರೆ, ಹಾಗಾಗಿ ಇದು ನಮ್ಮ ಘಟ್ಟದ್ದೇ ಅಂತ ಹಟ ಹಿಡಿಯಲ್ಲ. ಆದರೂ ಆ ಗೆರೆ ನೋಡಿ ಇಬ್ಬರಿಗೂ ಖುಷಿಯಾಯ್ತು.

ಸಾಮಾನ್ಯ ಬಿಳಿ ಅಂಟು ಹಾಕಲಿಲ್ಲ. ಅದು ಒಣಗಿದ ಮೇಲೂ ಸತತ ಎಳೆತಕ್ಕೆ ನಿಧಾನವಾಗಿ ಜಾರುತ್ತದೆ. ಗಟ್ಟಿಯಾಗಿ ಒಣಗುವ ಹಳದಿ ಮರದ ಅಂಟು ತರಿಸಿದೆ. ಟ್ರಸ್ ರಾಡ್‌ಗೆ ಅಂಟು ಹತ್ತಿದರೆ ಅದು ಮತ್ತೆ ತಿರುಗುವುದಿಲ್ಲ, ಅದಕ್ಕೆ ನಟ್‌ಗೂ ಕಡ್ಡಿಗೂ ಮೇಣದ ಬತ್ತಿ ಉಜ್ಜಿದೆ. ಮೆಡಿಕಲ್ ಶಾಪ್‌ನಿಂದ ತಂದ ಸಿರಿಂಜಿನಲ್ಲಿ ಅಂಟು ತುಂಬಿ, ಆಚಾರ್ರು ಸೀಳನ್ನು ಕೂದಲೆಳೆಯಷ್ಟು ಅಗಲಿಸಿ ಹಿಡಿದಾಗ ತಳದವರೆಗೂ ಬಿಟ್ಟೆ. ಮುಚ್ಚಿದಾಗ ಉದ್ದಕ್ಕೂ ಸಣ್ಣ ಸಣ್ಣ ಹನಿ ಸಾಲಾಗಿ ಹೊರಗೆ ಬಂತು. ಎಲ್ಲೂ ಖಾಲಿ ಉಳಿದಿಲ್ಲ ಅನ್ನೋದಕ್ಕೆ ಅದೇ ಗುರುತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಹಾಳೆ ಸುತ್ತಿದೆವು. ಕ್ಲಾಂಪ್ ಆ ಬಾಗಿನಲ್ಲಿ ಸರಿಯಾಗಿ ಕೂರಲಿಲ್ಲ. ಆಚಾರ್ರು ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಬಿಗಿಯಾಗಿ ಸುತ್ತಿದರು. ಎಲ್ಲ ಕಡೆಯಿಂದ ಒಂದೇ ಸಮ ಒತ್ತಡ. ಒಂದು ದಿನ ಸಾಕು ಅಂತಾರೆ. ನಾನು ಮೂರು ದಿನ ಮುಟ್ಟಲಿಲ್ಲ.

ವಯರಿಂಗ್ ಕೆಲಸ ಸುಲಭ. ಎಸ್‌ಪಿ ರಸ್ತೆಯಲ್ಲಿ 500 ಕಿಲೋ ಓಮ್‌ನ ಒಂದು ಪಾಟ್ (ದನಿ ಹೊಂದಿಸುವ ಗುಂಡಿಯ ಒಳಗಿನ ಭಾಗ), ಕಾಂಟ್ಯಾಕ್ಟ್ ಕ್ಲೀನರ್ ತಂದೆ. ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವ ಪಿಕಪ್ ಮಾತ್ರ ಬದಲಾಯಿಸಲಿಲ್ಲ, ಬದಲಾಯಿಸಲೂ ಬಾರದು. ಮೀಟರ್ ಹಿಡಿದರೆ ಎರಡೂ 8 ಕಿಲೋ ಓಮ್ ಆಸುಪಾಸು ತೋರಿಸಿದವು, ಸರಿಯಾಗಿಯೇ ಇದ್ದವು. ಹಳೇ ಗಿಟಾರ್ ಸಿಕ್ಕ ಕೂಡಲೇ ಎಲ್ಲ ಕಿತ್ತು ಹೊಸದು ಹಾಕುವವರನ್ನ ನೋಡಿದ್ದೇನೆ, ನೋವಾಗುತ್ತದೆ. ಇಂಗ್ಲೆಂಡಿನ ಗಿಟಾರ್ ವಾದಕ ಪೀಟರ್ ಗ್ರೀನ್ ಅವರ ಲೆಸ್ ಪಾಲ್‌ನಲ್ಲಿ ಒಂದು ಪಿಕಪ್‌ನ ಮ್ಯಾಗ್ನೆಟ್ ತಿರುಗುಮುರುಗಾಗಿತ್ತು. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಮೂಗಿನಲ್ಲಿ ಹಾಡಿದಂಥ ದನಿ. ಅದನ್ನು ಯಾರೂ ಸರಿ ಮಾಡಲಿಲ್ಲ. ಆಮೇಲೆ ಗ್ಯಾರಿ ಮೂರ್ ನುಡಿಸಿದ್ದು, ಈಗ ಕರ್ಕ್ ಹ್ಯಾಮೆಟ್ ನುಡಿಸುತ್ತಿರುವುದು ಅದೇ ಗಿಟಾರ್.

ತಂತಿಯನ್ನು ಒಂದೇ ದಿನದಲ್ಲಿ ಶ್ರುತಿಗೆ ತರಲಿಲ್ಲ. ದಿನಕ್ಕೆ ಇಷ್ಟಿಷ್ಟೇ ಬಿಗಿ ಮಾಡುತ್ತಾ ವಾರ ತೆಗೆದುಕೊಂಡೆ. ಆಂಪ್‌ಗೆ ಹಾಕಿ ಕುತ್ತಿಗೆ ಕಡೆಯ ಪಿಕಪ್‌ನಲ್ಲಿ ಒಂದು ಸ್ವರ ಮೀಟಿದೆ. ಬೀದಿಯಲ್ಲಿ ಸೊಪ್ಪಿನ ಗಾಡಿಯವರು ಕೂಗಿಕೊಂಡು ಹೋದರು, ಸ್ವರ ಇನ್ನೂ ನಿಂತಿತ್ತು. ವಾಲ್ಯೂಮ್ 10ರಿಂದ 6ಕ್ಕೆ ಇಳಿಸಿದರೆ ಒರಟು ದನಿ ತಾನಾಗೇ ತಿಳಿಯಾಗುತ್ತದೆ, ದನಿ ಬದಲಿಸುವ ಪೆಡಲ್ ಮುಟ್ಟಬೇಕಾಗಿಲ್ಲ. ಆ ಒಂದು ಕಚ್ಚಿನಿಂದಲೇ ದನಿ ಹೀಗೆ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪಲ್ಲ. ದಪ್ಪ ಮಹಾಗನಿ, ಅದರ ಮೇಲೆ ಮೇಪಲ್, ಅಂಟಿಸಿ ಕೂರಿಸಿದ ಕುತ್ತಿಗೆ, ಎರಡು ಸುರುಳಿಯ ಹಂಬಕರ್ ಪಿಕಪ್ ಇವೆಲ್ಲ ಸೇರಿ ಬರುವ ದನಿ ಅದು.

ಜೂನ್ ಮಳೆ ಬಂದಾಗ ಕುತ್ತಿಗೆ ಸ್ವಲ್ಪ ಬಾಗಿತು. ಟ್ರಸ್ ರಾಡ್ ಕಾಲು ಸುತ್ತು ತಿರುಗಿಸಿದೆ, ಸಲೀಸಾಗಿ ತಿರುಗಿತು. ಅಂಟಿಸಿದ ಕಡೆ ಬಣ್ಣ ಬಳಿದು ಮುಚ್ಚಿಲ್ಲ. ನುಡಿಸುವಾಗ ಹೆಬ್ಬೆರಳಿಗೆ ಆ ಗೆರೆ ಸಿಗುತ್ತದೆ. ಮೊದಲ ಐದು ಫ್ರೆಟ್ ಸವೆದಿವೆ, ಮುಂದಿನ ತಿಂಗಳು ಅವಕ್ಕೆ ಕೈ ಹಾಕಬೇಕು.