ಕಲಬುರಗಿಯ ಹವೆಯಲ್ಲಿ ಬಾಯಲ್ಲಿ ಕರಗುವ ಫಿಲ್ಮ್ ಮಾಡಿದ್ದು: ನನ್ನ ಅನುಭವ

ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡಿದ್ದು ನಾಲಿಗೆ ಮೇಲೆ ಕರಗುವ ಫಿಲ್ಮ್, ಅಂದರೆ ಔಷಧಿ ಸೇರಿಸಿದ ತೆಳು ಹಾಳೆ. ಔಷಧಿ ಒಂಡಾನ್‌ಸೆಟ್ರಾನ್, ವಾಂತಿ ನಿಲ್ಲಿಸಲು ಕೊಡುವುದು. ಕಾರಣ ಸರಳ. ವಾಂತಿ ಆಗುತ್ತಿರುವವರಿಗೆ ಮಾತ್ರೆ ಕೊಟ್ಟು ಮೇಲೊಂದು ಲೋಟ ನೀರು ಕುಡಿಸಿದರೆ ಎಷ್ಟೋ ಸಲ ಎರಡೂ ವಾಪಸ್ ಬರುತ್ತವೆ. ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುವವರು, ಮಕ್ಕಳು, ನುಂಗಲು ಕಷ್ಟಪಡುವ ವಯಸ್ಸಾದವರು, ಇವರಿಗೆ ನೀರೇ ಬೇಡದ ಔಷಧಿ ಎಷ್ಟು ಅನುಕೂಲ ಅಲ್ವಾ? ಅಮೆರಿಕದಲ್ಲಿ ಇದೇ ಔಷಧಿಯ ಫಿಲ್ಮ್‌ಗೆ ಜುಪ್ಲೆಂಜ್ ಅನ್ನುವ ಹೆಸರಲ್ಲಿ 2010ರಲ್ಲೇ ಒಪ್ಪಿಗೆ ಸಿಕ್ಕಿದೆ. ಹೊಸದೇನೋ ಕಂಡುಹಿಡಿಯಬೇಕು ಅಂತ ನಾನು ಹೊರಟಿರಲಿಲ್ಲ. ನಮ್ಮ ಲ್ಯಾಬಿನಲ್ಲಿರುವ ಸಾಮಾನಿನಲ್ಲೇ, ನಮ್ಮೂರಿನ ಹವೆಗೆ ತಡೆಯುವ ಫಿಲ್ಮ್ ಮಾಡಬೇಕು ಅಂತ ಆಸೆ ಇತ್ತು, ಅಷ್ಟೇ.

ಮೊದಲು ಲೆಕ್ಕ. ಒಂದು ಫಿಲ್ಮ್‌ಗೆ 4 ಮಿಲಿಗ್ರಾಂ ಒಂಡಾನ್‌ಸೆಟ್ರಾನ್ ಬೇಕು ಅಂದರೆ ಅದರ ಹೈಡ್ರೋಕ್ಲೋರೈಡ್ ಡೈಹೈಡ್ರೇಟ್ ಲವಣ 5 ಮಿಲಿಗ್ರಾಂ ತೂಗಬೇಕು. ದ್ರಾವಣ ಸುರಿದು ಒಣಗಿಸುವ ನನ್ನ ಪೆಟ್ರಿ ಡಿಶ್ (ಚಪ್ಪಟೆ ದುಂಡು ತಟ್ಟೆ) 9 ಸೆಂಟಿಮೀಟರ್ ಅಗಲದ್ದು, ಅದರ ವಿಸ್ತೀರ್ಣ ಸುಮಾರು 63.6 ಚದರ ಸೆಂಟಿಮೀಟರ್. ಫಿಲ್ಮ್ 2 ಸೆಂಟಿಮೀಟರ್ ಚೌಕ, ಅಂದರೆ 4 ಚದರ ಸೆಂಟಿಮೀಟರ್. ಹಾಗಾಗಿ 15.9 ಫಿಲ್ಮ್‌ನಷ್ಟು ಜಾಗ, ತಲಾ 5ರಂತೆ ಒಂದು ಡಿಶ್‌ಗೆ 79.5 ಮಿಲಿಗ್ರಾಂ ಲವಣ. ಅಂಚು ದಪ್ಪಗಿರುತ್ತದೆ ಅಂತ ಅದನ್ನು ಬಿಟ್ಟು ಕತ್ತರಿಸುತ್ತೇವೆ, ಆದರೆ ಔಷಧಿ ಮಾತ್ರ ಪೂರ್ತಿ ಡಿಶ್‌ನ ಲೆಕ್ಕಕ್ಕೇ ಹಾಕಬೇಕು.

ಫಿಲ್ಮ್ ಆಗುವ ಪಾಲಿಮರ್ ಎಚ್‌ಪಿಎಂಸಿ ಇ5, ನೀರಲ್ಲಿ ಕರಗಿಸಿ ಒಣಗಿಸಿದರೆ ಪದರವಾಗುವ ಪುಡಿ. ಇದರ ಗುಣ ಸ್ವಲ್ಪ ಉಲ್ಟಾ: ತಣ್ಣೀರಲ್ಲಿ ಕರಗುತ್ತದೆ, ಬಿಸಿನೀರಲ್ಲಿ ಕರಗುವುದಿಲ್ಲ. ಪುಡಿಯನ್ನು ನೇರ ತಣ್ಣೀರಿಗೆ ಸುರಿದರೆ ಮೇಲ್ಪದರ ಮಾತ್ರ ನೆನೆದು ಗಂಟು ಕಟ್ಟುತ್ತದೆ. ಅದಕ್ಕೇ ಮೂರನೇ ಒಂದು ಪಾಲು ನೀರನ್ನು 80 ಡಿಗ್ರಿ ತನಕ ಕಾಯಿಸಿ, ಅದರಲ್ಲಿ ಪುಡಿಯನ್ನು ಚೆನ್ನಾಗಿ ಹರಡಿ, ಆಮೇಲೆ ಉಳಿದ ನೀರನ್ನು ತಣ್ಣಗೆ ಮಾಡಿ ಹಾಕಿದೆ. ಕಲಕುತ್ತಾ ಹೋದಂತೆ ತಿಳಿಯಾಗಿ ಗಟ್ಟಿಯಾಗುತ್ತದೆ. ರಾತ್ರಿಯಿಡೀ ಮುಚ್ಚಿಟ್ಟರೆ ಗುಳ್ಳೆಗಳೆಲ್ಲ ಮೇಲೆ ಬಂದು ಒಡೆಯುತ್ತವೆ. ಗುಳ್ಳೆ ಉಳಿದ ಕಡೆ ಫಿಲ್ಮ್ ತೂತಾಗುತ್ತದೆ, ಆ ತುಂಡಿನಲ್ಲಿ ಔಷಧಿಯೂ ಕಮ್ಮಿ.

ಸುರಿಯುವ ಜಾಗ ಮಟ್ಟವಾಗಿರಬೇಕು. ಇದನ್ನು ಎಷ್ಟು ಹೇಳಿದರೂ ಸಾಲದು. ಓವನ್ನಿನ ತಟ್ಟೆ ಕಣ್ಣಿಗೆ ಸರಿ ಕಂಡರೂ ಒಂದು ಕಡೆ ವಾಲಿರುತ್ತದೆ. ಕಾಲೇಜಲ್ಲಿ ಕಟ್ಟಡದ ಕೆಲಸ ನಡೆದಿತ್ತು, ಅಲ್ಲಿನ ಗೌಂಡಿಯವರ ಹತ್ತಿರ ರಸಮಟ್ಟ ಇಸಕೊಂಡು ಬಂದು, ತಟ್ಟೆಯ ಕೆಳಗೆ ಮಡಚಿದ ಫಾಯಿಲ್ ಕೊಟ್ಟು, ರಸಮಟ್ಟದ ಗುಳ್ಳೆ ನಡುವೆ ನಿಂತ ಮೇಲೇ ದ್ರಾವಣ ಸುರಿದೆ. ಆಮೇಲೆ ಮೈಕ್ರೋಮೀಟರ್ ಹಿಡಿದು ನಾಲ್ಕು ಮೂಲೆ, ಒಂದು ನಡು ಅಳೆದರೆ ದಪ್ಪ ಹೆಚ್ಚುಕಮ್ಮಿ ಒಂದೇ ಬಂತು. ದಪ್ಪ ಒಂದೇ ಇದ್ದರೆ ಔಷಧಿಯೂ ಒಂದೇ. ಒಂದೊಂದು ತುಂಡನ್ನೂ ಬೇರೆ ಬೇರೆ ಕರಗಿಸಿ, ಯುವಿಯಲ್ಲಿ (ಅತಿನೇರಳೆ ಬೆಳಕಿನಿಂದ ಔಷಧಿ ಅಳೆಯುವ ಯಂತ್ರ) 310 ನ್ಯಾನೋಮೀಟರ್‌ಗೆ ಇಟ್ಟು ನೋಡಿದಾಗ ಎಲ್ಲವೂ ಇರಬೇಕಾದ ಔಷಧಿಯ 85ರಿಂದ 115 ಶೇಕಡಾ ಒಳಗೆ ಬಂದವು.

ನಿಜವಾದ ಸವಾಲು ಇಲ್ಲಿನ ಹವೆ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಫಿಲ್ಮ್ ಡಿಶ್‌ನಿಂದ ಬಿಡಿಸುವಾಗಲೇ ಹಪ್ಪಳ ಮುರಿದ ಹಾಗೆ ಚೂರಾಗುತ್ತಿತ್ತು. ಅದೇ ಫಾರ್ಮುಲಾ ಜುಲೈ, ಆಗಸ್ಟ್‌ನಲ್ಲಿ ಬೆರಳಿಗೆ ಅಂಟುತ್ತದೆ, ಒಂದರ ಮೇಲೊಂದಿಟ್ಟರೆ ಬಿಡಿಸಲು ಬರುವುದಿಲ್ಲ. ಫಿಲ್ಮ್ ಮೆತ್ತಗಾಗಲಿ ಅಂತ ಮೊದಲು ಗ್ಲಿಸರಿನ್ ಹಾಕಿ ನೋಡಿದೆ. ಬೇಸಿಗೆಗೆ ಚೆನ್ನಾಗಿದೆ, ಆದರೆ ಅದು ಗಾಳಿಯ ನೀರನ್ನು ಜಾಸ್ತಿ ಎಳೆಯುತ್ತದೆ. ಮೆತ್ತಗೆ ಮಾಡುವ ಇನ್ನೊಂದು ದ್ರವ ಪಿಇಜಿ 400 ಅಷ್ಟು ಎಳೆಯುವುದಿಲ್ಲ. ಅದನ್ನು ಪಾಲಿಮರ್ ತೂಕದ ಶೇಕಡಾ 20ರ ಸುಮಾರಿಗೆ ಹಾಕಿದ ಮೇಲೆ ಎರಡೂ ಕಾಲಕ್ಕೆ ಹೊಂದುವ ಫಿಲ್ಮ್ ಬಂತು. ಒಂದೇ ಗೆರೆಯಲ್ಲಿ 300 ಸಲ ಮಡಚಿದರೂ ಮುರಿಯಲಿಲ್ಲ.

ಮಳೆಗಾಲಕ್ಕೆ ಕಾಯದೆ ತೇವ ಪರೀಕ್ಷೆ ಮಾಡಲು ಒಂದು ಸುಲಭ ದಾರಿ ಇದೆ. ಡೆಸಿಕೇಟರ್ (ಗಾಳಿಯಾಡದ ಮುಚ್ಚಳದ ಪಾತ್ರೆ) ಒಳಗೆ ತಳದಲ್ಲಿ ಇನ್ನು ಕರಗುವುದೇ ಇಲ್ಲ ಅನ್ನುವಷ್ಟು ಉಪ್ಪು ಹಾಕಿದ ನೀರಿಟ್ಟರೆ ಒಳಗಿನ ಗಾಳಿಯ ತೇವಾಂಶ ಶೇಕಡಾ 75ರ ಹತ್ತಿರ ನಿಲ್ಲುತ್ತದೆ. ಬೇಕಾಗುವುದು ಶುದ್ಧ ಸೋಡಿಯಂ ಕ್ಲೋರೈಡ್, ಅಷ್ಟೇ. ತೇವ ಪರೀಕ್ಷೆಯ ಲಕ್ಷಗಟ್ಟಲೆ ಬೆಲೆಯ ಚೇಂಬರ್ ಸಿಗದ ನಮ್ಮಂಥ ಕಡೆ ಮೊದಲ ಜರಡಿಗೆ ಇದು ಸಾಕು.

ರುಚಿಯ ವಿಷಯ. ಒಂಡಾನ್‌ಸೆಟ್ರಾನ್ ಕಹಿ, ಮಾತ್ರೆಯ ಹಾಗೆ ಗಂಟಲಿಗೆ ಜಾರಿ ಹೋಗುವುದಿಲ್ಲ, ನಾಲಿಗೆ ಮೇಲೇ ಕರಗುತ್ತದೆ. ಸುಕ್ರಲೋಸ್, ಪುದೀನ, ಸ್ವಲ್ಪ ಸಿಟ್ರಿಕ್ ಆಸಿಡ್ ಹಾಕಿದೆ. ಸಿಟ್ರಿಕ್ ಆಸಿಡ್‌ಗೆ ಇನ್ನೂ ಒಂದು ಕೆಲಸ ಇದೆ. ಬಾಯಲ್ಲಿ ನೀರೂರಿಸುವುದು ಸರಿ, ದ್ರಾವಣದ ಪಿಎಚ್ ಕೆಳಗಿಟ್ಟು (ಅಂದರೆ ಹುಳಿಯಾಗಿಟ್ಟು) ಔಷಧಿ ಬೇರೆಯಾಗಿ ಬೆಳ್ಳಗೆ ಕೂರದ ಹಾಗೂ ನೋಡಿಕೊಳ್ಳುತ್ತದೆ. ಔಷಧಿ ಇಲ್ಲದ ಫಿಲ್ಮ್ ಒಂದನ್ನು ನಮ್ಮ ಲ್ಯಾಬ್ ಅಟೆಂಡರ್ ಅಕ್ಕನಿಗೆ ತೋರಿಸಿದೆ. ಬೆಳಕಿಗೆ ಹಿಡಿದು, "ಇದೇನ್ರಿ ಸರ್, ಹಾಳಿ ಇದ್ದಂಗದ, ಇದ್ರಾಗ ಔಷಧ ಎಲ್ಲಿ ಕೂಡ್ತದ?" ಅಂದರು. ಒಳ್ಳೆಯ ಪ್ರಶ್ನೆ. ನಿಜಕ್ಕೂ ಜಾಸ್ತಿ ಕೂರುವುದಿಲ್ಲ. ಕೆಲವೇ ಮಿಲಿಗ್ರಾಂ ಸಾಕಾಗುವ ಔಷಧಿಗೆ ಮಾತ್ರ ಇದು ಸರಿ, 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಅನ್ನು ಇಷ್ಟು ತೆಳು ಹಾಳೆಯಲ್ಲಿ ಹಿಡಿಸಲು ಆಗುವುದಿಲ್ಲ.

ಇನ್ನೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ನಾಲಿಗೆ ಮೇಲೆ ಕರಗಿದ್ದೆಲ್ಲ ನೇರ ರಕ್ತಕ್ಕೆ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಈ ಫಿಲ್ಮ್ ಎಂಜಲಿನ ಬದಲು ಬಳಸುವ ಪಿಎಚ್ 6.8ರ ಬಫರ್ ದ್ರಾವಣದಲ್ಲಿ ಅರ್ಧ ನಿಮಿಷದೊಳಗೆ ಬಿಟ್ಟುಕೊಳ್ಳುತ್ತದೆ ನಿಜ, ಆದರೆ ಬಾಯಲ್ಲಿ ಕರಗಿದ ಒಂಡಾನ್‌ಸೆಟ್ರಾನ್ ಬಹುಪಾಲು ಎಂಜಲಿನ ಜೊತೆ ಹೊಟ್ಟೆಗೇ ಹೋಗಿ ಕರುಳಿನಿಂದ ಒಳಸೇರುತ್ತದೆ. ಮಾತ್ರೆಗಿಂತ ಜೋರು ಔಷಧಿ ಅಲ್ಲ ಇದು. ಇದರ ಲಾಭ ತೆಗೆದುಕೊಳ್ಳುವ ಸುಲಭದಲ್ಲಿದೆ, ನನಗೆ ಅದೇ ದೊಡ್ಡದು.

ಮಾಡಲು ಹೊರಡುವವರು ಪ್ಯಾಕಿಂಗ್ ಅನ್ನು ಕೊನೆಗೆ ನೋಡೋಣ ಅಂತ ಬಿಡಬೇಡಿ. ಒಂದು ಪೊಟ್ಟಣಕ್ಕೆ ಒಂದೇ ಫಿಲ್ಮ್, ಅದೂ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ, ನಾಲ್ಕೂ ಕಡೆ ಸೀಲ್ ಮಾಡಿ. ಸುಮ್ನೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟರೆ ಇಲ್ಲಿನ ಒಂದು ಮಳೆಗಾಲವನ್ನೂ ಅದು ತಡೆಯುವುದಿಲ್ಲ. ಬಳಸುವವರಿಗೂ ಅಷ್ಟೇ: ಕೈ ಒಣಗಿರಲಿ, ಪೊಟ್ಟಣ ಒಡೆದ ತಕ್ಷಣ ನಾಲಿಗೆ ಮೇಲಿಡಿ, ಡಾಕ್ಟರ್ ಹೇಳದೆ ಅರ್ಧ ಕತ್ತರಿಸಿ ಮಕ್ಕಳಿಗೆ ಕೊಡಬೇಡಿ.